ಕ್ರೀಡಾಭ್ಯಾಸವೂ ಮನೋದಾರ್ಢ್ಯವೂ

(ಹಾಸನದ ಬಳಿಯ ಮೊಸಳೆ ಗ್ರಾಮದಲ್ಲಿ ನೆರೆದಿದ್ದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಶ್ರೀಮಠದ ಮಹೋತ್ಸವದ ಅಂಗವಾಗಿ ಸೇರಿರುವ ಈ ಸಭೆಯಲ್ಲಿ ಕ್ರೀಡೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಬಿನ್ನವಿಸಬೇಕೆಂದು ನನಗೆ ಅಪ್ಪಣೆಯಾಗಿರುವುದು. ಧರ್ಮಸಭೆಯಲ್ಲಿ ಆಟದ ಪ್ರಸ್ತಾಪವೇಕೆಂದು ಕೆಲವರಿಗೆ ತೋರಬಹುದು. ಆದರೆ ನಮ್ಮ ನಾಡಿನಲ್ಲಿ ಮಠಕ್ಕೂ ಗರಡಿಗೂ ಎಂದೂ ವಿರೋಧವಿದ್ದುದಿಲ್ಲ. ಸುತ್ತೂರಿನ ಜಾತ್ರೆಗೆ ಹೋದವರು ಅಲ್ಲಿ ಶರಣರ ಸ್ಮರಣೆಯೊಡನೆ ಕುಸ್ತಿಯ ಜೋಡಿಗಳನ್ನೂ ಕಂಡಿರುವರು. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸಿ ನಡೆಯತಕ್ಕ ನಮಗೆ ಅಂಗವು ತಿರಸ್ಕಾರಕ್ಕೆ ಯೋಗ್ಯವಾದ ವಸ್ತುವಲ್ಲ. ಲಿಂಗಕ್ಕೆ ಆಶ್ರಯವಾದ ಈ ಅಂಗವನ್ನು ಹದಗೊಳಿಸುವುದೂ, ಆ ಮೂಲಕ ಮನಸ್ಸನ್ನು ಹದಗೊಳಿಸುವುದೂ ಧರ್ಮಕ್ಕೆ ಹೊರಗಿನ ಮಾತೆಂದು ನಾನು ಭಾವಿಸಲಾರೆ.

ಇಂದು ನಾನು ವಿಚಾರಕ್ಕೆ ತೆಗೆದುಕೊಂಡಿರುವುದು ಒಂದೇ ಪ್ರಶ್ನೆ. ಸೋತ ಮನುಷ್ಯನು ಸೋಲಿನ ಮರುದಿನ ಬೆಳಿಗ್ಗೆ ಎದ್ದು ಏನು ಮಾಡುವನು? ಗೆದ್ದವನ ಮರುದಿನವನ್ನು ಊರೇ ನೋಡಿಕೊಳ್ಳುವುದು. ಹಾರವೂ ಮೆರವಣಿಗೆಯೂ ಅವನಿಗೆ ಇದ್ದೇ ಇರುವುವು. ಸೋತವನ ಮರುದಿನವನ್ನು ನೋಡುವವರು ಯಾರೂ ಇಲ್ಲ. ಅವನು ಒಬ್ಬನೇ ಏಳಬೇಕು. ಮನಸ್ಸಿನ ದಾರ್ಢ್ಯವೆಂಬುದು ಹುಟ್ಟುವುದು ಆ ಬೆಳಗಿನಲ್ಲಿಯೇ ಎಂಬುದು ನನ್ನ ನಂಬುಗೆ.

ದಾರ್ಢ್ಯದ ಮಾತನ್ನು ಈ ಮೊಸಳೆಯಲ್ಲಿ ನಿಂತು ಆಡುವವನು ದೃಷ್ಟಾಂತವನ್ನು ದೂರದಿಂದ ತರಬೇಕಾದುದಿಲ್ಲ. ಸುಮಾರು ಕ್ರಿ.ಶ. 1200ರ ಹೊತ್ತಿಗೆ, ಹೊಯ್ಸಳ ದೊರೆ ಎರಡನೆಯ ವೀರಬಲ್ಲಾಳನ ಆಳ್ವಿಕೆಯಲ್ಲಿ ನಿರ್ಮಾಣವಾದ ನಾಗೇಶ್ವರ, ಚೆನ್ನಕೇಶವ ದೇವಾಲಯಗಳೆರಡೂ ಅವಳಿ ಮಕ್ಕಳಂತೆ ಇಲ್ಲಿ ಪಕ್ಕಪಕ್ಕದಲ್ಲಿ ನಿಂತಿರುವುವು. ಅವುಗಳ ಕಲ್ಲನ್ನು ನಾವು ಬಳಪದ ಕಲ್ಲೆಂದು ಕರೆಯುವೆವು. ಗಣಿಯಿಂದ ಹೊಸದಾಗಿ ತೆಗೆದಾಗ ಈ ಕಲ್ಲು ಮೃದುವಾಗಿದ್ದು, ಉಳಿಯು ಹೇಳಿದಂತೆ ಕೇಳುವುದು. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿದಂತೆಲ್ಲ ಗಟ್ಟಿಯಾಗುತ್ತ ಹೋಗುವುದು. ಎಂಟುನೂರು ವರ್ಷಗಳ ಮಳೆ ಗಾಳಿಗಳನ್ನು ತಡೆದುಕೊಂಡು ಈ ಸೂಕ್ಷ್ಮ ಶಿಲ್ಪವು ಉಳಿದಿರುವುದಕ್ಕೆ ಈ ಗುಣವೂ ಒಂದು ಕಾರಣ. ಮಗುವಿನ ಮನಸ್ಸೂ ಹೀಗೆಯೇ ಇರುವುದು. ಅದನ್ನು ಮನೆಯೊಳಗೆ ಮುಚ್ಚಿಟ್ಟರೆ ಎಂದಿಗೂ ಗಟ್ಟಿಯಾಗದು. ಗಟ್ಟಿಯಾಗಲೆಂದು ಸುತ್ತಿಗೆಯಿಂದ ಒಡೆದರೆ ಶಿಲ್ಪವಾಗುವ ಮೊದಲೇ ಚೂರಾಗುವುದು. ಬಯಲಿಗೆ ಬಿಡಬೇಕು, ಉಳಿಯನ್ನು ಮೆಲ್ಲಮೆಲ್ಲನೆ ನಡೆಸಬೇಕು. ಆಟದ ಬಯಲು ಮಾಡುವ ಕೆಲಸ ಇದೇ.

ನಮ್ಮ ಹಳೆಯ ಗರಡಿಮನೆಯನ್ನು ನೆನೆಯಿರಿ. ಕೆಂಪುಮಣ್ಣನ್ನು ಜರಡಿಯಾಡಿಸಿ, ಅರಿಸಿನ ಎಣ್ಣೆಗಳನ್ನು ಬೆರೆಸಿ ಹದಗೊಳಿಸಿದ ಮಟ್ಟಿಗೆ ಹುಡುಗನು ಮೊದಲ ದಿನ ಇಳಿದಾಗ ಉಸ್ತಾದನು ಎದುರಾಳಿಯನ್ನು ಎತ್ತಿ ಹಾಕುವ ಪಟ್ಟನ್ನು ಕಲಿಸುವುದಿಲ್ಲ. ದಂಡೆ ಹೊಡೆಸುವನು, ಬಸ್ಕಿ ತೆಗೆಸುವನು, ಮಟ್ಟಿಯನ್ನು ಅಗೆಯಿಸುವನು. ಅದಾದ ಮೇಲೆ ಬೀಳುವುದನ್ನು ಕಲಿಸುವನು. ಕತ್ತನ್ನು ಹೇಗೆ ಕಾಯ್ದುಕೊಳ್ಳಬೇಕು, ಬಿದ್ದ ಪೆಟ್ಟನ್ನು ಮೈಗೆಲ್ಲ ಹೇಗೆ ಹಂಚಬೇಕು, ಬಿದ್ದ ಕ್ಷಣದಲ್ಲಿಯೇ ಹೇಗೆ ಮಗ್ಗುಲಾಗಬೇಕು ಎಂಬಿವು ಮೊದಲ ಪಾಠಗಳು. ಬೀಳುವುದಕ್ಕೆ ಹೆದರುವವನು ಪಟ್ಟು ಹಾಕಲಾರನೆಂಬುದು ಗರಡಿಯ ಅನುಭವ. ನಾವಾದರೋ ನಮ್ಮ ಮಕ್ಕಳಿಗೆ ಎತ್ತಿ ಹಾಕುವುದನ್ನು ಮಾತ್ರ ಕಲಿಸಹೊರಟಿರುವೆವು. ಆದುದರಿಂದಲೇ ಮೊದಲ ಸಲ ಬೆನ್ನು ಮಣ್ಣಿಗೆ ತಾಗಿದಾಗ ಅವರಿಗೆ ದಿಕ್ಕು ತೋರದಂತಾಗುವುದು.

ಈಗ ನಮ್ಮ ಜಿಲ್ಲೆಯವರೇ ಆದ ಇಬ್ಬರ ವೃತ್ತಾಂತವನ್ನು ಹೇಳುವೆನು. ಇಬ್ಬರೂ ನಮ್ಮ ಕಾಲದವರು. ಇಬ್ಬರಿಗೂ ಕಾಲಿನಲ್ಲಿ ಊನವುಂಟು. ಇಬ್ಬರೂ ಅಂಗವಿಕಲರ ಒಲಿಂಪಿಕ್ಸ್ ಎನಿಸಿದ ಪ್ಯಾರಾಲಿಂಪಿಕ್ಸ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕವನ್ನು ಪಡೆದವರು.

ಮೊದಲನೆಯವರು ಶ್ರೀಯುತ ಗಿರೀಶ ಹೊಸನಗರ ನಾಗರಾಜೇಗೌಡರು. 1988ರಲ್ಲಿ ಹಾಸನ ಜಿಲ್ಲೆಯ ಹಳ್ಳಿಯ ಮನೆಯಲ್ಲಿ ಜನಿಸಿದ ಇವರಿಗೆ ಎಡಗಾಲಿನ ಊನವು ಹುಟ್ಟಿನಿಂದಲೇ ಬಂದಿತು. ಇವರು ಆರಿಸಿಕೊಂಡ ಕ್ರೀಡೆಯಾದರೋ ಎತ್ತರ ಜಿಗಿತ. ಕಾಲು ನೆಟ್ಟಗಿಲ್ಲದವನು ಕಾಲಿನಿಂದಲೇ ಆಡಬೇಕಾದ ಆಟವನ್ನು ಹಿಡಿದನೆಂದರೆ ನೋಡಿದವರು ನಕ್ಕಿದ್ದರೂ ಆಶ್ಚರ್ಯವಿಲ್ಲ. ಕತ್ತರಿಯ ಅಲಗುಗಳಂತೆ ಒಂದಾದ ಮೇಲೊಂದು ಕಾಲನ್ನು ಅಡ್ಡಗೋಲಿನ ಮೇಲೆ ದಾಟಿಸುವ ಕ್ರಮದಲ್ಲಿ ಅಭ್ಯಾಸಮಾಡಿ, 2012ರಲ್ಲಿ ಲಂಡನ್ನಿನಲ್ಲಿ 1.74 ಮೀಟರ್ ಎತ್ತರವನ್ನು ದಾಟಿ ಅವರು ಬೆಳ್ಳಿಯ ಪದಕವನ್ನು ಪಡೆದರು. ಆ ಕೂಟದಲ್ಲಿ ಭಾರತಕ್ಕೆ ದೊರೆತ ಪದಕ ಅದೊಂದೇ. ಮರುವರ್ಷ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಅವರನ್ನು ಗೌರವಿಸಿತು.

ಇಲ್ಲಿ ಎರಡು ಸಂಗತಿಗಳನ್ನು ತಾವು ಗಮನಿಸಬೇಕು. ಚಿನ್ನವನ್ನು ಪಡೆದ ಫಿಜಿ ದ್ವೀಪದ ಇಲಿಯೇಸ ಡೆಲಾನ ಎಂಬವರೂ ದಾಟಿದುದು 1.74 ಮೀಟರನ್ನೇ. ಎತ್ತರವು ಸಮನಾದಾಗ ಯಾರು ಎಷ್ಟು ಸಲ ಕೋಲನ್ನು ಬೀಳಿಸಿದರೆಂಬುದನ್ನು ಎಣಿಸಿ ತೀರ್ಮಾನಿಸುವುದು ಈ ಆಟದ ನಿಯಮ. ಹೀಗೆ ಕೂದಲೆಳೆಯ ಅಂತರದಲ್ಲಿ ಚಿನ್ನವು ತಪ್ಪಿತು. ಎರಡನೆಯ ಸಂಗತಿ ಇನ್ನೂ ವಿಚಾರಾರ್ಹವಾದುದು. ಎತ್ತರ ಜಿಗಿತದಲ್ಲಿ ಸತತವಾಗಿ ಮೂರು ಸಲ ತಪ್ಪಿದವನು ಹೊರಗಾಗುವನು. ಎಲ್ಲರೂ ಹೊರಗಾದ ಮೇಲೆ ಉಳಿದ ಒಬ್ಬನು ಇನ್ನೂ ಎತ್ತರಕ್ಕೆ ಕೋಲನ್ನು ಏರಿಸಿ ಜಿಗಿಯುವನು. ತಾನಾಗಿ ನಿಲ್ಲಿಸದಿದ್ದರೆ ಕಡೆಗೆ ಅವನೂ ತಪ್ಪುವನು. ಎಂದ ಮೇಲೆ ಈ ಆಟದಲ್ಲಿ ಜಗಜ್ಜಟ್ಟಿಯಾದವನ ಕಡೆಯ ಜಿಗಿತವೂ ಸಾಮಾನ್ಯವಾಗಿ ಬಿದ್ದ ಕೋಲೇ. ಗೆದ್ದವನಿಗೂ ತನ್ನ ಶಕ್ತಿಯ ಎಲ್ಲೆಯನ್ನು ತೋರಿಸಿಯೇ ಮನೆಗೆ ಕಳುಹಿಸುವ ಆಟವಿದು. ಬಿದ್ದ ಕೋಲು ಅಪಮಾನದ ಗುರುತಾಗದೆ, ನಾಳೆಯ ಅಭ್ಯಾಸವು ಎಲ್ಲಿಂದ ಆರಂಭವಾಗಬೇಕೆಂಬುದನ್ನು ತಿಳಿಸುವ ಅಳತೆಯ ಗೆರೆಯಾಗುವುದು. ಒಬ್ಬರ ಬೆಳ್ಳಿಯು ಹಲವರಿಗೆ ಹಾದಿಯಾಗುವುದೂ ಉಂಟು. ನಾಲ್ಕು ವರ್ಷಗಳ ತರುವಾಯ, 2016ರಲ್ಲಿ, ರಿಯೋ ನಗರದಲ್ಲಿ ಇದೇ ಬಗೆಯ ಎತ್ತರ ಜಿಗಿತದಲ್ಲಿ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು ಅವರು 1.89 ಮೀಟರ್ ದಾಟಿ ಚಿನ್ನವನ್ನೂ, ವರುಣ್ ಭಾಟಿಯವರು ಕಂಚನ್ನೂ ಪಡೆದರು.

ಎರಡನೆಯವರು ಶ್ರೀಯುತ ಸುಹಾಸ್ ಯತಿರಾಜರು. 1983ರಲ್ಲಿ ಹಾಸನದಲ್ಲಿ ಜನಿಸಿದ ಇವರು ಸುರತ್ಕಲ್ಲಿನಲ್ಲಿ ತಾಂತ್ರಿಕ ವಿದ್ಯಾಭ್ಯಾಸವನ್ನು ಮುಗಿಸಿ, ಭಾರತೀಯ ಆಡಳಿತ ಸೇವೆಯನ್ನು ಸೇರಿ, ಉತ್ತರ ಪ್ರದೇಶದಲ್ಲಿ ಅಧಿಕಾರಿಗಳಾದರು. ಪಾದದ ಕೀಲಿನಲ್ಲಿ ಊನವಿದ್ದರೂ ಬ್ಯಾಡ್ಮಿಂಟನ್ ಆಟವನ್ನು ಬಿಡಲಿಲ್ಲ. 2020ರಲ್ಲಿ ಮಹಾಮಾರಿಯು ಹರಡಿದಾಗ ಗೌತಮಬುದ್ಧ ನಗರ ಜಿಲ್ಲೆಯ ಆಡಳಿತದ ಭಾರವು ಇವರ ಹೆಗಲಿಗೆ ಬಂದಿತು. ಹಗಲು ಜಿಲ್ಲೆಯ ಕೆಲಸ, ರಾತ್ರಿ ಆಟದ ಅಭ್ಯಾಸ; ಹೀಗೆ ಎರಡು ಕಾಯಕಗಳನ್ನು ಒಂದೇ ಮೈಯಲ್ಲಿ ನಡೆಸಿದರು. 2021ರಲ್ಲಿ ನಡೆದ ಟೋಕಿಯೋ ಕೂಟದ ಅಂತಿಮ ಪಂದ್ಯದಲ್ಲಿ ಫ್ರಾನ್ಸ್ ದೇಶದ ಲೂಕಾಸ್ ಮಜೂರ್ ಎಂಬವರನ್ನು ಎದುರಿಸಿ, ಮೊದಲ ಆಟವನ್ನು 21-15ರಿಂದ ಗೆದ್ದರು. ಆಮೇಲಿನ ಎರಡನ್ನು 17-21, 15-21ರಿಂದ ಕಳೆದುಕೊಂಡರು.

ಚಿನ್ನವು ಕೈಗೆ ತಾಗಿ ಜಾರಿದ ಅನುಭವವದು. ಅದರ ಮರುದಿನವನ್ನು ಅವರು ಹೇಗೆ ಕಳೆದರೋ ನಾವು ಕಂಡವರಲ್ಲ. ಆದರೆ ಆ ಮರುದಿನದ ಫಲವನ್ನು ಲೋಕವೇ ಕಂಡಿತು. 2024ರ ಫೆಬ್ರವರಿಯಲ್ಲಿ ಥಾಯ್ಲೆಂಡಿನಲ್ಲಿ ನಡೆದ ವಿಶ್ವ ಸ್ಪರ್ಧೆಯಲ್ಲಿ ಅವರು ಚಿನ್ನವನ್ನು ಗೆದ್ದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಕೂಟದಲ್ಲಿ ಮತ್ತೆ ಅಂತಿಮ ಪಂದ್ಯವನ್ನು ಮುಟ್ಟಿದರು. ಎದುರಿಗೆ ಮತ್ತೆ ಅದೇ ಮಜೂರ್. ಈ ಸಲ ಸೋಲು ಇನ್ನೂ ದೊಡ್ಡದು, 9-21, 13-21. ಕಥೆಗಾರನಾಗಿದ್ದರೆ ಎರಡನೆಯ ಸಲ ನಾಯಕನನ್ನು ಗೆಲ್ಲಿಸುತ್ತಿದ್ದನು. ಜೀವನವು ಹಾಗೆ ಮಾತು ಕೊಡುವುದಿಲ್ಲ. ಅಭ್ಯಾಸಮಾಡಿದವನು ಗೆದ್ದೇ ಗೆಲ್ಲುವನೆಂದು ಮಕ್ಕಳಿಗೆ ಹೇಳುವುದು ಸತ್ಯವಲ್ಲ; ಅಂಥ ಮಾತನ್ನು ನಂಬಿ ಬೆಳೆದ ಮಗುವು ಮೊದಲ ಸೋಲಿನಲ್ಲಿಯೇ ಮೋಸಹೋದೆನೆಂದು ಕುಸಿಯುವುದು. ಅಭ್ಯಾಸವು ಗೆಲುವಿಗೆ ಹೊಣೆಯಾಗಲಾರದು. ಮತ್ತೆ ಅಂಕಣಕ್ಕೆ ಇಳಿಯುವ ಶಕ್ತಿಗೆ ಮಾತ್ರ ಹೊಣೆಯಾಗುವುದು. ಬೆಳ್ಳಿಯ ಪದಕದ ಸ್ವರೂಪವನ್ನೇ ನೋಡಿರಿ. ಇಂಥ ಪಂದ್ಯಗಳಲ್ಲಿ ಕಂಚು ದೊರೆಯುವುದು ಕಡೆಯ ಪಂದ್ಯವನ್ನು ಗೆದ್ದವನಿಗೆ; ಬೆಳ್ಳಿ ದೊರೆಯುವುದು ಕಡೆಯ ಪಂದ್ಯವನ್ನು ಸೋತವನಿಗೆ. ಸೋತ ಗಳಿಗೆಯಲ್ಲಿಯೇ ವೇದಿಕೆಯನ್ನೇರಿ, ಗೆದ್ದವನ ಕೈಕುಲುಕಿ, ತಲೆಯೆತ್ತಿ ನಿಲ್ಲುವುದು ಎಲ್ಲರಿಂದ ಆಗತಕ್ಕ ಕಾರ್ಯವಲ್ಲ.

ಊರಿನ ಹೆಸರನ್ನೇ ತನ್ನ ಹೆಸರಿನೊಡನೆ ಹೊತ್ತ ಮತ್ತೊಬ್ಬ ಆಟಗಾರರನ್ನು ಇಲ್ಲಿ ಸ್ಮರಿಸಬೇಕು. ನಮ್ಮ ಜಿಲ್ಲೆಯ ಜಾವಗಲ್ ಎಂಬ ಊರನ್ನು ಕ್ರಿಕೆಟ್ ಬಲ್ಲವರೆಲ್ಲರ ನಾಲಗೆಗೆ ತಂದವರು ಮೈಸೂರಿನ ಶ್ರೀಯುತ ಜಾವಗಲ್ ಶ್ರೀನಾಥರು. 1991ರಲ್ಲಿ ಆಸ್ಟ್ರೇಲಿಯದಲ್ಲಿ ಟೆಸ್ಟ್ ಪಂದ್ಯಕ್ಕೆ ಇಳಿದ ಇವರಿಗೆ ಸ್ವದೇಶದ ನೆಲದಲ್ಲಿ ಮೊದಲ ಟೆಸ್ಟ್ ಆಡುವ ಅವಕಾಶವು ದೊರೆತುದು 1994ರ ಕೊನೆಯಲ್ಲಿ. ನಡುವಣ ಕಾಲದಲ್ಲಿ ತವರಿನ ಪಂದ್ಯಗಳನ್ನು ಹೊರಗೆ ಕುಳಿತು ನೋಡಬೇಕಾಯಿತು. ಅವಕಾಶವು ಬಂದಾಗ ಅಭ್ಯಾಸವು ಸಿದ್ಧವಾಗಿತ್ತು; ಮುಂಬಯಿಯ ಆ ಪಂದ್ಯದಲ್ಲಿಯೇ ಅವರು ಪಂದ್ಯಪುರುಷರೆನಿಸಿದರು. 1997ರಲ್ಲಿ ಭುಜವು ಕೆಟ್ಟು ಶಸ್ತ್ರಚಿಕಿತ್ಸೆಯಾಯಿತು. ವೇಗವಾಗಿ ಚೆಂಡೆಸೆಯುವವನಿಗೆ ಭುಜವೇ ಸರ್ವಸ್ವವಷ್ಟೆ. ಅವರು ಅವಸರಪಡದೆ ವಿಶ್ರಮಿಸಿ, ಚಿಕಿತ್ಸೆಯನ್ನು ಮುಗಿಸಿ, ಮರಳಿ ಬಂದರು. 1999ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಪಂದ್ಯದಲ್ಲಿ 132 ಓಟಗಳಿಗೆ 13 ಮಂದಿಯನ್ನು ಔಟುಮಾಡಿದರು. ಆ ಪಂದ್ಯವನ್ನೇ ಭಾರತವು ಸೋತಿತು! ತನ್ನ ಪಾಲಿನ ಕಾಯಕವನ್ನು ಪೂರ್ಣವಾಗಿ ಮಾಡಿದ ಮೇಲೂ ಫಲವು ಬೇರೆಯವರ ಪಾಲಾಗಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ. ಅದಾದ ಮೇಲೂ ಅವರು 2003ರವರೆಗೆ ನಾಡಿಗಾಗಿ ಆಡಿದರು; ಟೆಸ್ಟ್ ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್ಟುಗಳು ಒಟ್ಟು 236.

ಶರಣ ಬಂಧುಗಳೇ, ಈ ವೃತ್ತಾಂತಗಳಿಂದ ನಾವು ಏನನ್ನು ಗ್ರಹಿಸಬೇಕು? ನಮ್ಮ ಷಟ್‍ಸ್ಥಲ ಸಿದ್ಧಾಂತದಲ್ಲಿ ಭಕ್ತನಿಗೆ ಶ್ರದ್ಧಾಭಕ್ತಿ, ಮಹೇಶನಿಗೆ ನಿಷ್ಠಾಭಕ್ತಿ, ಪ್ರಸಾದಿಗೆ ಅವಧಾನಭಕ್ತಿ ಎಂದು ಹೇಳಿರುವುದು ತಮಗೆ ತಿಳಿದೇ ಇದೆ. ಆ ಸ್ಥಲಗಳ ಅರ್ಥವು ಆಟದ ಬಯಲಿಗಿಂತ ಬಹು ವಿಶಾಲವಾದುದು. ಅವನ್ನು ಆಟಕ್ಕೆ ಇಳಿಸುವ ಉದ್ದೇಶ ನನಗಿಲ್ಲ. ಆದರೆ ದೊಡ್ಡ ದೀಪದಿಂದ ಸಣ್ಣ ಹಣತೆಯನ್ನು ಹೊತ್ತಿಸಿಕೊಳ್ಳುವುದು ತಪ್ಪಲ್ಲವಷ್ಟೆ. ಶ್ರದ್ಧೆಯು ಮಗುವನ್ನು ಬಯಲಿಗೆ ಕರೆತರುವುದು. ಆರಂಭದ ಉತ್ಸಾಹ ಅದು. ನಿಷ್ಠೆಯು ಸೋಲಿನ ಮರುದಿನ ಅದೇ ಮಗುವನ್ನು ಅದೇ ಹೊತ್ತಿಗೆ ಎಬ್ಬಿಸುವುದು. ಉತ್ಸಾಹವು ಬತ್ತಿದ ಮೇಲೆ ಉಳಿಯುವುದೇ ನಿಷ್ಠೆ. ಅವಧಾನವೆಂದರೆ ಮೈಯೆಲ್ಲ ಕಣ್ಣಾಗಿ ಎಚ್ಚರದಿಂದಿರುವುದು. ಎದುರಾಳಿಯ ಬಲ, ತೀರ್ಪುಗಾರನ ಮಾತು, ನೋಡುವವರ ಕೂಗು, ಇವು ನನ್ನ ಕೈಯಲ್ಲಿಲ್ಲ. ಈಗ ನಾನು ಇಡುವ ಹೆಜ್ಜೆ, ತೆಗೆದುಕೊಳ್ಳುವ ಉಸಿರು, ಇವು ನನ್ನ ಕೈಯಲ್ಲಿವೆ ಎಂದು ವಿಂಗಡಿಸಿ, ಕೈಯಲ್ಲಿರುವುದರ ಮೇಲೆ ಚಿತ್ತವನ್ನು ನಿಲ್ಲಿಸುವುದೇ ಅವಧಾನ. ಬಂದುದನ್ನು ಪ್ರಸಾದವೆಂದು ಸ್ವೀಕರಿಸತಕ್ಕವನಿಗೆ ಈ ಎಚ್ಚರವೇ ಲಕ್ಷಣವೆಂದು ನಮ್ಮ ಹಿರಿಯರು ಕಂಡುಕೊಂಡುದು ಎಷ್ಟು ಅರ್ಥಪೂರ್ಣ! ಪ್ರಸಾದವೆಂದು ಸ್ವೀಕರಿಸುವುದೆಂದರೆ ಕೈಕಟ್ಟಿ ಕೂಡುವುದಲ್ಲ. ಸೋಲನ್ನೂ ಉಂಡು ಅರಗಿಸಿಕೊಂಡು ಬಲವನ್ನಾಗಿ ಮಾಡಿಕೊಳ್ಳುವುದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದೆ ಹೋಗಲಾರೆ. ದಾರ್ಢ್ಯದ ಹೆಸರಿನಲ್ಲಿ ಮೈಯನ್ನು ಹಿಂಸಿಸುವುದು ಧರ್ಮವೂ ಅಲ್ಲ, ಕ್ರೀಡೆಯೂ ಅಲ್ಲ. ವ್ಯಾಯಾಮದಲ್ಲಿ ಮಾಂಸಖಂಡದ ಎಳೆಗಳು ಸೂಕ್ಷ್ಮವಾಗಿ ಜಖಂಗೊಂಡು, ಆಹಾರ ನಿದ್ರೆ ವಿಶ್ರಾಂತಿಗಳಿಂದ ಮತ್ತೆ ಕೂಡಿಕೊಂಡು, ಮೊದಲಿಗಿಂತ ಬಲವಾಗುವುವೆಂದು ಶರೀರಶಾಸ್ತ್ರವು ಹೇಳುವುದು. ವಿಶ್ರಾಂತಿಯಿಲ್ಲದಿದ್ದರೆ ಜಖಂ ಮಾತ್ರ ಉಳಿಯುವುದು. ಮನಸ್ಸಿಗೂ ಇದೇ ನ್ಯಾಯ. ಆಯಾಸವು ಬೇರೆ, ನೋವು ಬೇರೆ. ಆಯಾಸವನ್ನು ದಾಟಬೇಕು, ನೋವಿನ ಮಾತನ್ನು ಕೇಳಬೇಕು. ಸೋತು ಬಂದ ಮಗುವು ಅತ್ತರೆ ಅಳಲು ಬಿಡಿರಿ. ಕಣ್ಣೀರು ದೌರ್ಬಲ್ಯದ ಗುರುತಲ್ಲ. ಅತ್ತು ಹಗುರಾದವನು ಮರುದಿನ ಬೇಗ ಏಳುವನು.

ತಂದೆತಾಯಂದಿರಲ್ಲಿ ನನ್ನ ವಿಜ್ಞಾಪನೆಯು ಇಷ್ಟೆ. ಮಗುವು ಆಟದಿಂದ ಬಂದೊಡನೆ ಗೆದ್ದೆಯಾ ಸೋತೆಯಾ ಎಂದು ಕೇಳುವುದು ನಮಗೆಲ್ಲ ರೂಢಿಯಾಗಿದೆ. ಇಂದು ಏನನ್ನು ಕಲಿತೆ, ನಾಳೆ ಏನನ್ನು ತಿದ್ದಿಕೊಳ್ಳುವೆ ಎಂದು ಕೇಳಿ ನೋಡಿರಿ. ಪರೀಕ್ಷೆಯ ಫಲಿತಾಂಶವು ಬಂದ ದಿನವೂ ಹೀಗೆಯೇ ಕೇಳಿರಿ. ಹತ್ತನೆಯ ತರಗತಿಯಲ್ಲಿ ಒಂದು ವಿಷಯದಲ್ಲಿ ತಪ್ಪಿದ ಹುಡುಗನೋ ಹುಡುಗಿಯೋ ಮನೆಯವರ ಮುಖವನ್ನು ನೋಡಲಾರದೆ ಪ್ರಾಣವನ್ನೇ ಕಳೆದುಕೊಂಡ ವಾರ್ತೆಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಿರುವೆವು. ಬಿದ್ದ ಕೋಲನ್ನು ಮತ್ತೆ ಎತ್ತಿಟ್ಟು ಜಿಗಿಯಬಹುದೆಂಬುದನ್ನು ಆ ಮಗುವಿಗೆ ಯಾರಾದರೂ ಆಟದ ಬಯಲಿನಲ್ಲಿ ಮೊದಲೇ ಕಲಿಸಿದ್ದರೆ, ಆ ಜೀವವು ಉಳಿಯುತ್ತಿತ್ತೇನೋ! ಇದಕ್ಕಾಗಿಯೇ ನಾನು ಕ್ರೀಡೆಯನ್ನು ವಿನೋದವೆಂದು ಮಾತ್ರ ಎಣಿಸಲಾರದವನಾಗಿದ್ದೇನೆ. ಸಣ್ಣ ಸೋಲುಗಳನ್ನು ಸುರಕ್ಷಿತವಾಗಿ ಅನುಭವಿಸಿ ದೊಡ್ಡ ಸೋಲಿಗೆ ಸಿದ್ಧವಾಗತಕ್ಕ ಶಾಲೆ ಅದು.

ಹೆಣ್ಣುಮಕ್ಕಳ ವಿಷಯವಾಗಿಯೂ ಒಂದು ಮಾತು. ಹತ್ತು ಹನ್ನೆರಡು ವಯಸ್ಸಿನವರೆಗೆ ಅಣ್ಣತಮ್ಮಂದಿರೊಡನೆ ಓಡಿಯಾಡುವ ಹುಡುಗಿಯನ್ನು ಆಮೇಲೆ ಬಯಲಿನಿಂದ ಒಳಕ್ಕೆ ಕರೆಯುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಕಾಣುವುದು. ಅನುಭವ ಮಂಟಪದಲ್ಲಿ ಹೆಣ್ಣು ಗಂಡೆಂಬ ಭೇದವನ್ನು ಎಣಿಸದ ಶರಣರ ವಂಶಸ್ಥರೆನಿಸಿಕೊಂಡ ನಮಗೆ ಇದು ಶೋಭಿಸದು. ಗಾಳಿ ಬಿಸಿಲುಗಳಿಗೆ ಮೈಯೊಡ್ಡಿ ಗಟ್ಟಿಯಾಗುವ ಅವಕಾಶವು ಅವಳಿಗೂ ಇರಬೇಕು.

ನಮ್ಮ ಸಮಾಜವು ಇಂದು ಉಳಿದು ಬಂದಿರುವುದೂ ಒಂದು ದೊಡ್ಡ ಸೋಲಿನ ಮರುದಿನದಿಂದಲ್ಲವೇ? ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಕದಡಿ ಶರಣರು ದಿಕ್ಕುದಿಕ್ಕಿಗೆ ಚದುರಿದರು. ಲೋಕದ ಕಣ್ಣಿಗೆ ಅದು ಸೋಲು. ಚದುರಿದವರು ಹೋದಲ್ಲಿ ಕಾಯಕವನ್ನು ಬಿಡಲಿಲ್ಲ. ವಚನದ ಕಟ್ಟುಗಳನ್ನು ಎದೆಗವಚಿಕೊಂಡು ಕಾಪಾಡಿದರು. ಶತಮಾನಗಳು ಕಳೆದ ಮೇಲೆ ಫ. ಗು. ಹಳಕಟ್ಟಿಯವರು ಊರೂರು ಅಲೆದು, ತಾಳೆಯ ಗರಿಗಳನ್ನು ಕಲೆಹಾಕಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಬೆಳಕಿಗೆ ತಂದರು. ಆ ಮರುದಿನವು ಇಷ್ಟು ದೀರ್ಘವಾಗಿದ್ದಿತು, ಆದರೂ ಬೆಳಗಾಯಿತು.

ಕಡೆಯದಾಗಿ ಶ್ರೀಮಠದ ಸದ್ಭಕ್ತರಲ್ಲಿ ನನ್ನ ಪ್ರಾರ್ಥನೆ. ಊರೂರಿನಲ್ಲಿ ಒಂದು ಬಯಲನ್ನು ಮಕ್ಕಳ ಆಟಕ್ಕೆಂದು ಉಳಿಸಿಕೊಡಿರಿ. ಹಾಳುಬಿದ್ದ ಗರಡಿಯಿದ್ದರೆ ಅದರ ಮಟ್ಟಿಯನ್ನು ಮತ್ತೆ ಅಗೆಯಿಸಿರಿ. ಕಾಲೋ ಕೈಯೋ ಕಣ್ಣೋ ಊನವಾದ ಮಕ್ಕಳನ್ನು ಬಯಲಿನ ಅಂಚಿನಲ್ಲಿ ಕೂರಿಸಿ ನೋಡಿಸದೆ ಒಳಕ್ಕೆ ಕರೆಯಿರಿ. ಜಾತ್ರೆಯ ಪಂದ್ಯಗಳು ಮುಗಿದ ಮರುದಿನ ಗೆದ್ದವರನ್ನು ಮೆರೆಸುವುದಿದ್ದರೆ ಮೆರೆಸಿರಿ. ಆದರೆ ಅದೇ ದಿನ ಬೆಳಿಗ್ಗೆ ಹಿರಿಯರೊಬ್ಬರು ಬಯಲಿಗೆ ಹೋಗಿ, ಸೋತ ಮಕ್ಕಳಲ್ಲಿ ಯಾರು ಬಂದಿರುವರೆಂದು ನೋಡಲಿ. ಬಂದವರ ಬೆನ್ನು ತಟ್ಟಲಿ; ಬಾರದವರ ಮನೆಗೆ ಹೋಗಿ ಕರೆದು ತರಲಿ. ಶ್ರೀಮಠದ ದಾಸೋಹದ ಪಂಕ್ತಿಯಲ್ಲಿ ಗೆದ್ದವನಿಗೊಂದು ಎಲೆ, ಸೋತವನಿಗೊಂದು ಎಲೆ ಎಂಬ ಭೇದವು ಎಂದೂ ಇದ್ದುದಿಲ್ಲ. ಆ ಪಂಕ್ತಿಯ ನೀತಿಯು ನಮ್ಮ ಮನೆಗಳಿಗೂ ಶಾಲೆಗಳಿಗೂ ಬರಲಿ ಎಂದು ಹಾರೈಸಿ, ಈ ಬಿನ್ನಹವನ್ನು ಮುಗಿಸುತ್ತೇನೆ.